ಹಳೆ ಲಕೋಟೆಗಳಿಂದ ಹೊಸ ಪುಸ್ತಕ

ಕೈಬರಹದ ಪತ್ರಗಳು ಈಗ ನಮ್ಮ ಮನೆಗಳಿಗೆ ಬರುವುದು ಅಪರೂಪ. ಆದರೆ ಕಾಗದ ಬರುವುದು ನಿಂತಿಲ್ಲ. ಬ್ಯಾಂಕು, ವಿಮೆಯ ಲಕೋಟೆಗಳು, ಮದುವೆಯ ಆಮಂತ್ರಣಗಳು, ಕ್ರಿಸ್ಮಸ್ ಕಾರ್ಡುಗಳು ಕೆಲವು ದಿನ ಮೇಜಿನ ಮೇಲಿದ್ದು ಗುಜರಿಗೆ ಹೋಗುತ್ತವೆ. ಇವುಗಳಿಂದಲೇ ಬರಹ, ಚಿತ್ರ, ಅಂಟಿಸಿದ ಚೂರುಗಳೆಲ್ಲ ಒಟ್ಟಿಗಿರುವ ಪುಸ್ತಕವನ್ನು, ಅಂದರೆ ಆರ್ಟ್ ಜರ್ನಲನ್ನು, ಮನೆಯಲ್ಲೇ ಮಾಡಬಹುದು.

ಕಾಗದವನ್ನು ನೆನೆಸಿ, ಮಿಕ್ಸಿಯಲ್ಲಿ ಅರೆದು, ಜಾಲರಿಯಲ್ಲಿ ಸೋಸಿ ಹೊಸ ಹಾಳೆ ಮಾಡುವುದನ್ನು ಮಕ್ಕಳ ಬೇಸಿಗೆ ಶಿಬಿರಗಳಲ್ಲಿ ಕಲಿಸುವುದುಂಟು. ಶಿಬಿರಕ್ಕೆ ಅದು ಚೆನ್ನ. ಪುಸ್ತಕಕ್ಕೆ ಅಷ್ಟು ಚೆನ್ನಲ್ಲವೆಂಬುದು ನಮ್ಮ ಅಭಿಪ್ರಾಯ. ಅರೆದಾಗ ನಾರು ತುಂಡಾಗಿ ಹಾಳೆ ಬಲ ಕಳೆದುಕೊಳ್ಳುತ್ತದೆ; ಗಂಜಿತಿಳಿ ಸವರದಿದ್ದರೆ ಶಾಯಿ ಹರಡುತ್ತದೆ. ಜೂನ್ ಬಂದರೆ ನಮ್ಮ ಕರಾವಳಿಯಲ್ಲಿ ಅದು ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ. ಲಕೋಟೆಯಾದರೋ ಊರೂರು ದಾಟಿ ಬಂದ ಗಟ್ಟಿ ಕಾಗದ. ಅದನ್ನು ಅರೆಯುವ ಬದಲು ಇದ್ದ ಹಾಗೆಯೇ ಹೊಲಿಯಬಹುದು.

ಮೊದಲು ಆರಿಸುವ ಕೆಲಸ. ಲಕೋಟೆಯ ಕಿಟಕಿಯ ಪ್ಲಾಸ್ಟಿಕ್ ತೆಗೆಯಿರಿ. ಎಟಿಎಂ ಚೀಟಿ, ಅಂಗಡಿಯ ನುಣುಪು ರಸೀದಿಗಳು ಬೇಡ. ಅವುಗಳ ಅಕ್ಷರ ಕೆಲಕಾಲದಲ್ಲೇ ಮಾಸುತ್ತದೆ. ಖಾತೆ ಸಂಖ್ಯೆ, ಫೋನ್ ಸಂಖ್ಯೆ ಇರುವ ಭಾಗವನ್ನು ಕತ್ತರಿಸಿ ಸುಟ್ಟುಬಿಡಿ. ಚರ್ಚ್ ಕಚೇರಿಯ ಹಳೆ ಕಾಗದ ಮಕ್ಕಳಿಗೆ ಕೊಡುವವರು ಇನ್ನೂ ಎಚ್ಚರದಿಂದಿರಬೇಕು. ಮದುವೆ, ಜ್ಞಾನಸ್ನಾನದ ಅರ್ಜಿಗಳಲ್ಲಿ ಕುಟುಂಬಗಳ ವಿವರವಿರುತ್ತದೆ. ಅವು ಕರಕುಶಲದ ಬುಟ್ಟಿಗೆ ಸೇರಬಾರದು.

ಕಾಗದದ ನಾರು ಒಂದೇ ದಿಕ್ಕಿಗೆ ಮಲಗಿರುತ್ತದೆ. ಹಾಳೆಯನ್ನು ಎರಡೂ ಕಡೆಯಿಂದ ಮೆಲ್ಲಗೆ ಬಾಗಿಸಿ ನೋಡಿ, ಸುಲಭವಾಗಿ ಬಾಗುವ ಕಡೆಗೇ ಮಡಚಬೇಕು. ಅಡ್ಡ ಮಡಚಿದರೆ ಮಡಿಕೆ ಬಿರಿಯುತ್ತದೆ, ಮಳೆಗಾಲದ ತೇವಕ್ಕೆ ಪುಟಗಳು ಅಲೆಯಲೆಯಾಗುತ್ತವೆ. ನಾಲ್ಕೈದು ಹಾಳೆಗಳನ್ನು ಮಡಚಿ ಒಂದರೊಳಗೊಂದು ಸೇರಿಸಿ, ಮದುವೆ ಆಮಂತ್ರಣದ ದಪ್ಪ ಕಾರ್ಡನ್ನು ಹೊದಿಕೆಯಾಗಿಡಿ. ಮಡಿಕೆಯಲ್ಲಿ ದಬ್ಬಳದಿಂದ ಮೂರು ತೂತು. ಹತ್ತಿಯ ದಪ್ಪ ನೂಲನ್ನು ಮೇಣದ ಬತ್ತಿಯ ತುಂಡಿಗೆ ಉಜ್ಜಿ, ನಡುವಿನ ತೂತಿನ ಒಳಗಿನಿಂದ ಹೊರಗೆ ತನ್ನಿ. ಮೇಲಿನದರಲ್ಲಿ ಒಳಕ್ಕೆ, ಕೆಳಗಿನದರಲ್ಲಿ ಹೊರಕ್ಕೆ, ಮತ್ತೆ ನಡುವಿನದರಲ್ಲಿ ಒಳಕ್ಕೆ. ಒಳಗಿನ ಉದ್ದ ಹೊಲಿಗೆಯನ್ನು ನಡುವೆ ಹಿಡಿದು ಎರಡೂ ತುದಿಗಳನ್ನು ಗಂಟು ಹಾಕಿದರೆ ಮುಗಿಯಿತು.

ಒಳ್ಳೆಯ ಲಕೋಟೆಯನ್ನು ಬಿಡಿಸದೆ ಅದರ ಅಂಚನ್ನೇ ಮಡಚಿ ಪುಟಗಳ ಜೊತೆ ಹೊಲಿದರೆ ಪುಸ್ತಕದೊಳಗೊಂದು ಕಿಸೆಯಾಗುತ್ತದೆ. ನಮಗೆ ಈ ಕೆಲಸ ಮುಖ್ಯವೆನಿಸುವುದು ಇಲ್ಲಿಯೇ. ಮುಂಬಯಿಯಿಂದ, ಕುವೈಟಿನಿಂದ ಅಪ್ಪಂದಿರು, ಅಣ್ಣಂದಿರು ಬರೆದ ಪತ್ರಗಳು, ಕೆಂಪು ನೀಲಿ ಅಂಚಿನ ಏರ್‌ಮೇಲ್ ಕವರುಗಳು, ಎಷ್ಟೋ ಮನೆಗಳ ಅಟ್ಟದಲ್ಲಿವೆ. ಹಳೆ ಮನೆ ಕೆಡವುವಾಗ ಅವೂ ಮಣ್ಣುಪಾಲಾಗುತ್ತವೆ. ಈ ಪತ್ರಗಳಿಗೆ ಕತ್ತರಿ ತಾಗಿಸಬೇಡಿ, ಸೆಲ್ಲೋಟೇಪೂ ಬೇಡ, ಅದರ ಅಂಟು ಹಳದಿ ಕಲೆಯಾಗಿ ಉಳಿಯುತ್ತದೆ. ಪತ್ರವನ್ನು ಅದರದೇ ಕವರಿನಲ್ಲಿಟ್ಟು ಕವರನ್ನು ಹೊಲಿಯಿರಿ. ಎದುರಿನ ಖಾಲಿ ಪುಟದಲ್ಲಿ, ಬರೆದವರು ಯಾರು, ಆಗ ಮನೆಯಲ್ಲಿ ಯಾರಿದ್ದರು ಎಂದು ಅಜ್ಜಿಯನ್ನು ಕೇಳಿ ಮಕ್ಕಳೇ ಬರೆಯಲಿ. ಅಜ್ಜಿ ಇರುವಾಗಲೇ ಕೇಳಬೇಕಾದ ಮಾತಿದು. ಅಂಚೆಚೀಟಿಯನ್ನು ಕೀಳದಿರುವುದು ಲೇಸು. ಪತ್ರದಲ್ಲಿ ತಾರೀಖಿಲ್ಲದಿದ್ದರೂ ಅದರ ಮೇಲಿನ ಮುದ್ರೆ ಹೇಳೀತು.

ಅಂಟು ಆದಷ್ಟು ಕಡಿಮೆ ಬಳಸಿರಿ. ಮೈದಾ ಅಂಟು ಸಾಕು, ಆದರೆ ಹುಳಕ್ಕೂ ಅದು ಇಷ್ಟ. ಹಿಂದೆ ಬೈಂಡಿಂಗ್ ಮಾಡುವವರು ಇದಕ್ಕೆ ಮೈಲುತುತ್ತು ಬೆರೆಸುತ್ತಿದ್ದರು, ಅಡಿಕೆಯ ಕೊಳೆರೋಗಕ್ಕೆ ಸುಣ್ಣದೊಂದಿಗೆ ಸಿಂಪಡಿಸುವ ಅದೇ ಮೈಲುತುತ್ತು. ಅದು ವಿಷ, ಮಕ್ಕಳ ಕೈಗೆ ಕೊಡಲೇಬಾರದು. ಅಂಟಿಸಿದ ಪುಟಗಳ ನಡುವೆ ಒಣ ಪತ್ರಿಕೆಯ ಹಾಳೆಯಿಟ್ಟು, ಮೇಲೆ ಭಾರ ಹೇರಿ, ತೇವವಾದ ಹಾಳೆಯನ್ನು ಬದಲಿಸುತ್ತಿರಿ. ಮಳೆಗಾಲದಲ್ಲಿ ಪುಸ್ತಕವನ್ನು ಹೊರಗೋಡೆಗೆ ತಾಗಿದ ಕಪಾಟಿನಲ್ಲಿಡದೆ, ಬಿಸಿಲು ಬಂದ ದಿನ ನೆರಳಿನಲ್ಲಿ ಬಿಡಿಸಿ ಗಾಳಿಯಾಡಲು ಬಿಡಿ.