ಕೂತವರಿಗೆ ನಿಂತವರ ಅಳತೆ

ನೀವೀಗ ಪ್ಯಾಂಟು ತೊಟ್ಟು ಕುರ್ಚಿಯಲ್ಲಿ ಕೂತಿದ್ದರೆ ಒಮ್ಮೆ ಬಗ್ಗಿ ನೋಡಿಕೊಳ್ಳಿ. ನಿಂತಾಗ ಶೂ ಮುಟ್ಟುತ್ತಿದ್ದ ಅಂಚು ಮೂರು ನಾಲ್ಕು ಬೆರಳು ಮೇಲೇರಿ ಕಾಲುಚೀಲ ಕಾಣುತ್ತಿರುತ್ತದೆ. ಹೊಟ್ಟೆಯ ಕೆಳಗೆ ಜಿಪ್ಪಿನ ಜಾಗದಲ್ಲಿ ಬಟ್ಟೆ ಗುಪ್ಪೆಯಾಗಿ ಉಬ್ಬಿರುತ್ತದೆ. ಬೆನ್ನ ಹಿಂದೆ ಕೈಯಾಡಿಸಿದರೆ ಸೊಂಟದ ಪಟ್ಟಿ ಕೆಳಕ್ಕೆ ಜಾರಿದ್ದು, ಇನ್ ಮಾಡಿದ ಶರ್ಟು ಅರ್ಧ ಹೊರಬಂದದ್ದು ಗೊತ್ತಾಗುತ್ತದೆ. ಅದಕ್ಕೆ ನೀವು ತಲೆ ಕೆಡಿಸಿಕೊಳ್ಳುವುದಿಲ್ಲ. ಎದ್ದು ನಿಂತು, ಬೆಲ್ಟ್ ಹಿಡಿದು ಒಮ್ಮೆ ಮೇಲಕ್ಕೆ ಜಗ್ಗಿದರೆ ಮುಗಿಯಿತು. ಗಾಲಿಕುರ್ಚಿಯಲ್ಲಿ ದಿನ ಕಳೆಯುವ ಗಂಡಸಿಗೆ ಹಾಗೆ ಎದ್ದು ಜಗ್ಗುವ ಅವಕಾಶವೇ ಇಲ್ಲ. ಬೆಳಿಗ್ಗೆ ಕೂತಾಗ ಬಟ್ಟೆ ಹೇಗೆ ಕೂತಿತೋ ರಾತ್ರಿ ಮಲಗುವವರೆಗೂ ಹಾಗೇ.

ಇದು ಹೊಲಿಗೆಯ ತಪ್ಪಲ್ಲ, ರೇಖಾಗಣಿತ. ಕೂತಾಗ ಮುಂಡಕ್ಕೂ ತೊಡೆಗೂ ಲಂಬಕೋನ ಬೀಳುತ್ತದೆ. ಸೊಂಟದಿಂದ ಪೃಷ್ಠವನ್ನು ಬಳಸಿ ತೊಡೆಸಂದಿಗೆ ಬರುವ ಹಿಂದಿನ ದಾರಿ ಉದ್ದವಾಗುತ್ತದೆ, ಮುಂದಿನ ದಾರಿ ಮಡಚಿಕೊಂಡು ಗಿಡ್ಡವಾಗುತ್ತದೆ. ಚರ್ಮಕ್ಕೆ ಇದೇನೂ ಕಷ್ಟವಲ್ಲ. ಕಿರ್ಕ್ ಮತ್ತು ಇಬ್ರಾಹಿಂ ಎಂಬ ಅಮೆರಿಕದ ಜವಳಿ ಸಂಶೋಧಕರು ಮೈಮೇಲಿನ ಚರ್ಮ ಎಲ್ಲಿ ಎಷ್ಟು ಹಿಗ್ಗುತ್ತದೆಂದು ಅಳೆದು 1966ರಲ್ಲಿ ಪ್ರಕಟಿಸಿದರು. ಮಂಡಿ ಮಡಚಿದರೆ ಅದರ ಮೇಲಿನ ಚರ್ಮ ಉದ್ದುದ್ದಕ್ಕೆ ಶೇ. 35ರಿಂದ 45ರಷ್ಟು ಹಿಗ್ಗುತ್ತದೆ. ಮಾಮೂಲಿ ಪ್ಯಾಂಟಿನ ಬಟ್ಟೆಗೆ ಅಷ್ಟು ಹಿಗ್ಗುವ ಶಕ್ತಿಯಿಲ್ಲ. ಅದು ಇನ್ನೆಲ್ಲಿಂದಲೋ ಎಳೆದುಕೊಳ್ಳಬೇಕು: ಕೆಳಗೆ ಅಂಚಿನಿಂದ, ಹಿಂದೆ ಸೊಂಟದ ಪಟ್ಟಿಯಿಂದ. ರೆಡಿಮೇಡ್ ಪ್ಯಾಂಟುಗಳ ನಕ್ಷೆಯೆಲ್ಲ ನಿಂತ ಮನುಷ್ಯನದು. ಅಂಗಡಿಯ ಗಾಜಿನ ಹಿಂದಿನ ಬೊಂಬೆ ಕೂಡ ನಿಂತೇ ಇರುತ್ತದೆ.

ಚೆಂದ ಕಾಣುವುದಿಲ್ಲ ಎಂಬಷ್ಟೇ ಆಗಿದ್ದರೆ ಇದನ್ನು ವಿಜ್ಞಾನದ ಅಂಕಣಕ್ಕೆ ತರಬೇಕಿರಲಿಲ್ಲ. ನಿಜವಾದ ಅಪಾಯ ಇರುವುದು ಯಾರಿಗೂ ಕಾಣದ ಜಾಗದಲ್ಲಿ, ಕುಳಿತ ಮೈಯ ಅಡಿಯಲ್ಲಿ. ಕುರ್ಚಿಯ ಮೇಲೆ ಅಂಗೈ ಇಟ್ಟು ಅದರ ಮೇಲೆ ಕೂತರೆ ಎರಡು ಗಟ್ಟಿ ಮೂಳೆ ತುದಿಗಳು ಕೈಗೆ ಒತ್ತುತ್ತವೆ. ಮುಂಡದ ಭಾರದ ಬಹುಪಾಲು ಆ ಎರಡು ತುದಿಗಳ ಮೇಲೆ. ಚರ್ಮದ ಲೋಮನಾಳಗಳಲ್ಲಿ ರಕ್ತದ ಒತ್ತಡ ತೀರ ಕಡಿಮೆ. ಯೂಜಿನ್ ಲ್ಯಾಂಡಿಸ್ ಎಂಬ ಸಂಶೋಧಕರು 1930ರಲ್ಲಿ ಉಗುರಿನ ಬುಡದ ಲೋಮನಾಳಕ್ಕೆ ಸೂಕ್ಷ್ಮ ಕೊಳವೆ ಚುಚ್ಚಿ ಅಳೆದಾಗ, ರಕ್ತ ಒಳಬರುವ ತುದಿಯಲ್ಲಿ ಸಿಕ್ಕ ಸರಾಸರಿ ಪಾದರಸದ 32 ಮಿಲಿಮೀಟರ್. ಗಟ್ಟಿ ಹಲಗೆಯ ಮೇಲೆ ಕೂತಾಗ ಮೂಳೆಯಡಿ ಬೀಳುವ ಒತ್ತಡ 100 ಮಿಲಿಮೀಟರ್ ದಾಟುವುದು ಸಾಮಾನ್ಯ. ಅಂದರೆ ರಕ್ತ ನಿಲ್ಲುತ್ತದೆ. ನಮಗೆ ಜುಮ್ಮೆನ್ನುತ್ತದೆ, ಗೊತ್ತಿಲ್ಲದೆಯೇ ಮಗ್ಗುಲು ಬದಲಿಸುತ್ತೇವೆ. ಬೆನ್ನುಹುರಿಗೆ ಪೆಟ್ಟು ಬಿದ್ದ ಅನೇಕರಿಗೆ ಆ ಜುಮ್ಮೇ ತಲುಪುವುದಿಲ್ಲ. ಒಳಗಿನ ಮಾಂಸ ಸತ್ತು, ಕೊನೆಗೆ ಚರ್ಮ ಒಡೆಯುತ್ತದೆ. ಹಾಸಿಗೆ ಹಿಡಿದವರಿಗೆ ಬೆಡ್ ಸೋರ್ ಆಗುತ್ತದೆ ಎನ್ನುತ್ತೇವಲ್ಲ, ಅದೇ ಒತ್ತುಹುಣ್ಣು ಕೂತವರಿಗೂ ಆಗುತ್ತದೆ. ವಾಸಿಯಾಗಲು ತಿಂಗಳುಗಟ್ಟಲೆ ಬೇಕು.

ಗಾಲಿಕುರ್ಚಿಯ ದಿಂಬು ಈ ಒತ್ತಡವನ್ನು ಹರಡಲೆಂದೇ ಇರುವುದು. ದುಡ್ಡು ಕೊಟ್ಟು ಒಳ್ಳೆಯ ದಿಂಬು ತಂದು, ಅದರ ಮೇಲೆ ಜೀನ್ಸ್ ತೊಟ್ಟು ಕೂತರೆ ಏನಾಯಿತು? ಜೀನ್ಸಿನ ತೊಡೆಸಂದಿಯಲ್ಲಿ ನಾಲ್ಕು ಹೊಲಿಗೆಗಳು ಕೂಡುವ ಜಾಗವನ್ನು ಬೆರಳಲ್ಲಿ ಹಿಚುಕಿ ನೋಡಿ. ಬಟ್ಟೆ ಪದರ ಪದರವಾಗಿ ಮಡಚಿ ಅಲ್ಲೊಂದು ಗಂಟೇ ಆಗಿದೆ. ಹಿಂದೆ ಎರಡು ಜೇಬು, ಅದರಲ್ಲೊಂದು ಪರ್ಸು. ಕೆಲವು ಮಾದರಿಗಳಲ್ಲಿ ತಾಮ್ರದ ರಿವೆಟ್ ಕೂಡ. ಜೇಕಬ್ ಡೇವಿಸ್ ಮತ್ತು ಲೆವಿ ಸ್ಟ್ರಾಸ್ 1873ರ ಮೇ 20ರಂದು ಪೇಟೆಂಟ್ ಪಡೆದದ್ದು ಈ ರಿವೆಟ್‌ಗೇ. ಹಿಂದಿನ ಜೇಬಿನ ರಿವೆಟ್ ಕುರ್ಚಿಗಳನ್ನೂ ಕುದುರೆಯ ಜೀನನ್ನೂ ಗೀರುತ್ತದೆಂದು ಗಿರಾಕಿಗಳು ದೂರಿದರು. ಸ್ಟ್ರಾಸ್ ಅವರ ಕಂಪನಿ 1937ರಲ್ಲಿ ಅದನ್ನು ಬಟ್ಟೆಯೊಳಗೆ ಮುಚ್ಚಿತು, 1966ರಲ್ಲಿ ತೆಗೆದೇ ಹಾಕಿತು. ಕುರ್ಚಿಯ ಮರದ ಮೇಲೆ ಇದ್ದ ಕರುಣೆ ಕೂತವನ ಚರ್ಮದ ಮೇಲೆ ಬರಲು ಇನ್ನೂ ಕಾಲ ಹಿಡಿಯಿತು.

ಒತ್ತಡದ ಜೊತೆ ಇನ್ನೂ ಇಬ್ಬರು ಶತ್ರುಗಳಿದ್ದಾರೆ: ಜಾರುವಿಕೆ ಮತ್ತು ತೇವ. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಕಾರಿಗೆ ಮೈಯನ್ನು ಎಳೆದುಕೊಳ್ಳುವಾಗ ಮೂಳೆ ಒಂದು ಕಡೆ ಹೋಗುತ್ತದೆ, ಬಟ್ಟೆಗೆ ಅಂಟಿದ ಚರ್ಮ ಹಿಂದೆ ಉಳಿಯುತ್ತದೆ. ನಡುವಿನ ರಕ್ತನಾಳ ಹಿಂಡಿಕೊಳ್ಳುತ್ತದೆ. ಬೆವರಿನಿಂದಲೋ ಮೂತ್ರದಿಂದಲೋ ನೆನೆದ ಚರ್ಮ ಬಟ್ಟೆಗೆ ಮತ್ತಷ್ಟು ಕಚ್ಚಿಕೊಳ್ಳುತ್ತದೆ. ಹಾಗಾಗಿ ತೆಳ್ಳಗಿನ, ನಯವಾದ, ಬೇಗ ಒಣಗುವ ಬಟ್ಟೆ ಒಳ್ಳೆಯದು. ದಪ್ಪ ಕಾಟನ್ ಬೆವರು ಹೀರಿಕೊಂಡು ಹಾಗೇ ಕೂತಿರುತ್ತದೆ. ಒಳಚಡ್ಡಿಯ ಹೊಲಿಗೆಯೂ ಲೆಕ್ಕಕ್ಕೆ ಬರುತ್ತದೆ. ತಿರುವಿ ತೊಟ್ಟರೆ ಹೊಲಿಗೆಯ ಏಣು ಹೊರಗಾಗುತ್ತದೆ. ನಗಬೇಡಿ, ಖರ್ಚಿಲ್ಲದ ಉಪಾಯ.

ರಾತ್ರಿ ಬಟ್ಟೆ ಬಿಚ್ಚಿದ ಮೇಲೆ ಕೂರುವ ಜಾಗವನ್ನು ಕನ್ನಡಿ ಹಿಡಿದೋ ಮನೆಯವರಿಂದಲೋ ನೋಡಿಸಿಕೊಳ್ಳುವುದು ನಿತ್ಯದ ಕೆಲಸವಾಗಬೇಕು. ಕೆಂಪು ಗುರುತು ಒತ್ತಿದಾಗ ಬಿಳಿಚಿಕೊಂಡು, ಸ್ವಲ್ಪ ಹೊತ್ತಿಗೆ ಮಾಯವಾದರೆ ಹೆದರಬೇಕಿಲ್ಲ. ಬಿಳಿಚಿಕೊಳ್ಳದೆ ಹಾಗೇ ಉಳಿದರೆ ಹುಣ್ಣಿನ ಮೊದಲ ಹಂತ. ಆ ಜಾಗದ ಮೇಲೆ ಕೂರುವುದನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು. ನಮ್ಮಂಥ ಕಂದು ಮೈಬಣ್ಣದವರಲ್ಲಿ ಕೆಂಪು ಸುಲಭಕ್ಕೆ ಕಾಣುವುದಿಲ್ಲ. ಸುತ್ತಲಿನ ಚರ್ಮಕ್ಕಿಂತ ಅಲ್ಲಿ ಬಿಸಿಯಿದೆಯೇ, ಗಟ್ಟಿಯಾಗಿದೆಯೇ, ಬಣ್ಣ ಕಪ್ಪೇರಿದೆಯೇ ಎಂದು ಮುಟ್ಟಿ, ನೋಡಿ ತಿಳಿಯಬೇಕು.

ಬಿಗಿ ಬಟ್ಟೆಯಿಂದ ಇನ್ನೊಂದು ಗಂಡಾಂತರವಿದೆ. ಎದೆಯ ಭಾಗದ ಆರನೇ ಕಶೇರುವಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಬೆನ್ನುಹುರಿಗೆ ಏಟಾದವರಲ್ಲಿ, ಕೆಳಗೆಲ್ಲೋ ಆದ ಕಿರಿಕಿರಿಗೆ ನರಮಂಡಲ ಅಳತೆಮೀರಿ ಪ್ರತಿಕ್ರಿಯಿಸಿ ರಕ್ತದೊತ್ತಡವನ್ನು ಏಕಾಏಕಿ ಏರಿಸಿಬಿಡಬಹುದು. ತುಂಬಿದ ಮೂತ್ರಕೋಶ ಮುಖ್ಯ ಕಾರಣ. ಆದರೆ ಬಿಗಿದ ಬೆಲ್ಟು, ಕಾಲುಚೀಲದ ಎಲಾಸ್ಟಿಕ್, ಅಡಿಗೆ ಸಿಕ್ಕಿಕೊಂಡ ಬಟ್ಟೆಯ ಸುಕ್ಕು ಇವೂ ಸಾಕು. ಬಿಗಿ ಪ್ಯಾಂಟು ಮೂತ್ರದ ಕ್ಯಾಥೆಟರ್ ನಳಿಕೆಯನ್ನು ಒತ್ತಿ ಹಿಡಿದರೆ ಎರಡೂ ಕಾರಣ ಒಟ್ಟಿಗೇ ಬಂದಂತೆ. ತಲೆ ಸಿಡಿಯುವ ನೋವು, ಮುಖ ಕೆಂಪಗಾಗುವುದು, ಏಟಾದ ಮಟ್ಟಕ್ಕಿಂತ ಮೇಲೆ ಮಾತ್ರ ಬೆವರು ಇವು ಲಕ್ಷಣಗಳು. ಪ್ರಥಮ ಚಿಕಿತ್ಸೆಯ ಮೊದಲ ಹೆಜ್ಜೆಗಳಲ್ಲೇ ಬಟ್ಟೆಯ ಮಾತು ಬರುತ್ತದೆ: ನೆಟ್ಟಗೆ ಕೂರಿಸಿ, ಬಿಗಿಯಾದದ್ದನ್ನೆಲ್ಲ ಸಡಿಲಿಸಿ, ನಳಿಕೆ ಮಡಚಿದೆಯೇ ನೋಡಿ, ತಡಮಾಡದೆ ಆಸ್ಪತ್ರೆಗೆ ಸುದ್ದಿ ಕೊಡಿ.

ಇತಿಹಾಸದಲ್ಲಿ ಗಾಲಿಕುರ್ಚಿಯ ಗಂಡಸಿನ ಉಡುಪಿಗೆ ಅತಿ ಹೆಚ್ಚು ತಲೆ ಓಡಿಸಿದವರು ಬಹುಶಃ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್. 1921ರಲ್ಲಿ ಪೋಲಿಯೋ ತಗುಲಿ ಅವರ ಕಾಲುಗಳು ಸೋತವು. ಉಕ್ಕಿನ ಕಾಲಾಸರೆಗಳಿಗೆ ಕಪ್ಪು ಬಣ್ಣ ಬಳಿಸಿ, ಅವು ಕಾಣದಂತೆ ಪ್ಯಾಂಟನ್ನು ಉದ್ದಕ್ಕೆ ಹೊಲಿಸಿ ತೊಡುತ್ತಿದ್ದರು. ಓವರ್‌ಕೋಟಿನ ಬದಲು ನೌಕಾಪಡೆಯ ತೋಳಿಲ್ಲದ ನಿಲುವಂಗಿಯನ್ನು ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದರು. 1945ರ ಯಾಲ್ಟಾ ಚಿತ್ರದಲ್ಲಿ ಚರ್ಚಿಲ್ ಮತ್ತು ಸ್ಟಾಲಿನ್ ನಡುವೆ ಅದನ್ನೇ ಹೊದ್ದು ಕೂತಿದ್ದಾರೆ. ಕೂತವರಿಗೆ ಕೋಟು ತೊಡಿಸುವ ಕಷ್ಟ ಗೊತ್ತಿದ್ದವರಿಗೆ ಆ ಆಯ್ಕೆಯ ಜಾಣ್ಮೆ ಅರ್ಥವಾದೀತು: ಹಿಂದಿನಿಂದ ತಂದು ಹೊದಿಸಿದರೆ ಆಯಿತು, ತೋಳಿಗೆ ಕೈ ತೂರಿಸುವ ಗೋಜಿಲ್ಲ. ಜೊತೆಗೆ ಅದು ಮುಚ್ಚಲೂ ಒದಗಿತು. ವಾಷಿಂಗ್ಟನ್ನಿನಲ್ಲಿ 1997ರಲ್ಲಿ ತೆರೆದ ಅವರ ಸ್ಮಾರಕದ ದೊಡ್ಡ ಪ್ರತಿಮೆಯಲ್ಲೂ ಆ ನಿಲುವಂಗಿಯೇ ಕುರ್ಚಿಯನ್ನು ಮರೆಮಾಡಿದೆ. ಅಂಗವಿಕಲರ ಸಂಘಟನೆಗಳು ಪಟ್ಟು ಹಿಡಿದ ಮೇಲೆ, 2001ರಲ್ಲಿ, ಗಾಲಿಕುರ್ಚಿ ಕಾಣುವಂಥ ಮತ್ತೊಂದು ಪ್ರತಿಮೆಯನ್ನು ಬಾಗಿಲಲ್ಲಿ ಇಡಲಾಯಿತು.

ಅಧ್ಯಕ್ಷರ ಮಾತು ಹಾಗಿರಲಿ, ಮೊದಲ ಮಹಾಯುದ್ಧದಲ್ಲಿ ಬೆನ್ನುಹುರಿ ತುಂಡಾದ ಸೈನಿಕರಲ್ಲಿ ಹೆಚ್ಚಿನವರು ಒತ್ತುಹುಣ್ಣು, ಮೂತ್ರದ ಸೋಂಕಿನಿಂದ ಬೇಗ ತೀರಿಕೊಂಡಿದ್ದರು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ 1944ರಿಂದ ಡಾ. ಲುಡ್ವಿಗ್ ಗಟ್‌ಮನ್ ಅಂಥವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸಿ ಬದುಕಿಸಿದರು. ಬದುಕಿದವರು ಕೆಲಸಕ್ಕೆ ಹೊರಟರು. ಹೊರಟವರಿಗೆ ಬಟ್ಟೆ ಬೇಕಾಯಿತು. 1950ರ ದಶಕದಲ್ಲಿ ನ್ಯೂಯಾರ್ಕಿನ ಪುನಶ್ಚೇತನ ಸಂಸ್ಥೆಯೊಂದರ ಜೊತೆ ಸೇರಿ ವಿನ್ಯಾಸಕಿ ಹೆಲೆನ್ ಕುಕ್‌ಮನ್ ಈ ಕೆಲಸಕ್ಕೆ ಕೈಹಾಕಿದರು. ಕೆನಡಾದ ಇಜ್ಜಿ ಕ್ಯಾಮಿಲೆರಿ 2009ರಲ್ಲಿ ಪೂರ್ತಿ ಕೂತ ಮೈಗೇ ನಕ್ಷೆ ಬರೆದ ಉಡುಪುಗಳನ್ನು ಮಾರುಕಟ್ಟೆಗೆ ತಂದರು. ಟಾಮಿ ಹಿಲ್‌ಫಿಗರ್‌ನಂಥ ದೊಡ್ಡ ಹೆಸರು ಇತ್ತ ಬಂದದ್ದು 2016ರಲ್ಲಿ. ನಮ್ಮಲ್ಲಿ ಕೋಲ್ಕತ್ತಾದ ಸೌಮಿತಾ ಬಸು, ಸ್ವತಃ ಗಾಲಿಕುರ್ಚಿ ಬಳಸುವವರು, ಇಂಥ ಉಡುಪಿಗೆಂದೇ ಝೈನಿಕಾ ಎಂಬ ಸಂಸ್ಥೆ ಕಟ್ಟಿದ್ದಾರೆ.

ಮೇಲುಡುಪಿನ ವಿಷಯಕ್ಕೆ ಬರೋಣ. ಚಕ್ರ ತಳ್ಳುವ ತೋಳು ಹಿಂದಕ್ಕೂ ಮುಂದಕ್ಕೂ ಚಾಚುತ್ತಿರಬೇಕು. ಶರ್ಟಿನ ಬೆನ್ನಿಗೆ ಎರಡೂ ಭುಜದ ಬಳಿ ನೆರಿಗೆ ಕೊಟ್ಟು, ಕಂಕುಳಲ್ಲಿ ತುಸು ಸಡಿಲ ಬಿಟ್ಟರೆ ಹೊಲಿಗೆ ಬಿಡುವುದಿಲ್ಲ. ತುಂಬುತೋಳಿನ ಕಫ್ ದಿನವಿಡೀ ಟೈರಿಗೆ ಉಜ್ಜಿ ಮಧ್ಯಾಹ್ನದೊಳಗೆ ಕಪ್ಪಾಗುತ್ತದೆ. ಅರ್ಧತೋಳು ಅಥವಾ ಮಡಚಿ ಗುಂಡಿ ಹಾಕುವ ಪಟ್ಟಿ ಇರುವ ತೋಳು ವಾಸಿ. ಸಂದರ್ಶನಕ್ಕೆ, ಮದುವೆಗೆ ಸೂಟೇ ಆಗಬೇಕೆಂದು ಹಟ ಹಿಡಿಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ನಿಂತವರಿಗಾಗಿ ಕತ್ತರಿಸಿದ ಕೋಟು ಕೂತಾಗ ತೊಡೆಯ ಮೇಲೆ ಮಡಚಿಕೊಂಡು ಎದೆಯ ಹತ್ತಿರ ಗುಡಾರವಾಗುತ್ತದೆ. ಅದಕ್ಕಿಂತ ಸೊಂಟಕ್ಕೇ ನಿಲ್ಲುವ, ತೋಳಿಲ್ಲದ ನೆಹರೂ ಜಾಕೆಟ್ ಎಲ್ಲ ರೀತಿಯಲ್ಲೂ ಮೇಲು. ಅದಕ್ಕೆ ಕಾಲರಿದೆ, ಗತ್ತಿದೆ, ಚಕ್ರಕ್ಕೆ ಸಿಕ್ಕುವ ಕಫ್ ಇಲ್ಲ. ಕೂತವರನ್ನು ಎದುರಿಗಿದ್ದವರು ನೋಡುವುದು ಎದೆಯ ಮೇಲ್ಭಾಗವನ್ನೇ, ಆದ್ದರಿಂದ ಒಳ್ಳೆಯ ಬಣ್ಣ, ಒಳ್ಳೆಯ ಕಾಲರು ಅಲ್ಲಿರಲಿ. ಜುಬ್ಬಾ ತೊಡುವುದಾದರೆ ಹಿಂಭಾಗವನ್ನು ಗಿಡ್ಡ ಹೊಲಿಸಿ, ಇಲ್ಲದಿದ್ದರೆ ಅದರ ಮೇಲೇ ಕೂರಬೇಕಾಗುತ್ತದೆ.

ಪಂಚೆ, ಲುಂಗಿಗಳ ಕತೆ ಎರಡು ಬಗೆ. ಮಲಗಿದಲ್ಲೇ ಸುತ್ತಬಹುದು, ಮೂತ್ರದ ಚೀಲ ಖಾಲಿ ಮಾಡಲು ಸುಲಭ, ಗಾಳಿಯಾಡುತ್ತದೆ, ಹಿಂದೆ ಹೊಲಿಗೆಯಿಲ್ಲ. ಮನೆಯೊಳಗೆ ಅದಕ್ಕಿಂತ ಒಳ್ಳೆಯ ಉಡುಪು ಹುಡುಕುವುದು ಕಷ್ಟ. ಆದರೆ ಜೋಲುವ ತುದಿ ಮುಂದಿನ ಸಣ್ಣ ಗಾಲಿಗೆ ಸಿಕ್ಕಿಕೊಂಡರೆ ಕುರ್ಚಿ ಗಕ್ಕನೆ ನಿಂತು ಮೈ ಮುಂದಕ್ಕೆ ಬೀಳುತ್ತದೆ. ಹೊರಗೆ ಹೊರಡುವಾಗ ವೆಲ್ಕ್ರೋ ಪಟ್ಟಿಯ ರೆಡಿಮೇಡ್ ಪಂಚೆ ಉಟ್ಟು, ತುದಿಯನ್ನು ತೊಡೆಯಡಿ ಸೇರಿಸಿಕೊಳ್ಳಬೇಕು. ಸುಕ್ಕಾಗದಂತೆ, ಅಷ್ಟೇ.

ಕೈಬೆರಳು ಆಡದವರಿಗೆ ಗುಂಡಿಯೇ ದೊಡ್ಡ ಬೆಟ್ಟ. ಕುತ್ತಿಗೆಯ ಕೆಳಭಾಗದಲ್ಲಿ ಏಟಾದ ಕೆಲವರಿಗೆ ಬೆರಳು ಮಡಚಲು ಬಾರದಿದ್ದರೂ ಮಣಿಕಟ್ಟು ಮೇಲೆತ್ತಲು ಬರುತ್ತದೆ. ಹಾಗೆ ಎತ್ತಿದಾಗ ಸ್ನಾಯುರಜ್ಜುಗಳು ಎಳೆದುಕೊಂಡು ಬೆರಳು ತಾನಾಗಿ ಮಡಚಿ ಒಂದು ಹಿಡಿತ ಸಿಗುತ್ತದೆ. ಜಿಪ್ಪಿನ ರನ್ನರಿಗೆ ಕೀ ಚೈನಿನ ಉಂಗುರ ತೂರಿಸಿದರೆ ಆ ಹಿಡಿತದಲ್ಲೇ ಎಳೆಯಬಹುದು. ಸೊಂಟದ ಪಟ್ಟಿಯ ಎರಡೂ ಬದಿಗೆ ಹೆಬ್ಬೆರಳು ತೂರುವಷ್ಟು ಬಟ್ಟೆಯ ಕುಣಿಕೆ ಹೊಲಿಸಿದರೆ ಪ್ಯಾಂಟು ಏರಿಸುವುದು ಹಗುರ. ಗುಂಡಿಯ ಹಿಂದೆ ಅಯಸ್ಕಾಂತ ಅಡಗಿಸಿದ ಶರ್ಟುಗಳೂ ಬಂದಿವೆ. ಎದೆಗೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಅವನ್ನು ಮುಟ್ಟಬಾರದು.

2011ರ ಜನಗಣತಿಯಂತೆ ದೇಶದಲ್ಲಿ ಚಲನೆಯ ತೊಂದರೆ ಇರುವವರು ಸುಮಾರು 54 ಲಕ್ಷ. ಎಲ್ಲರೂ ಗಾಲಿಕುರ್ಚಿಯವರಲ್ಲ, ನಿಜ. ಆದರೂ ಬಟ್ಟೆ ಅಂಗಡಿಗಳ ಟ್ರಯಲ್ ರೂಮು ನೋಡಿದರೆ ಇವರ್ಯಾರೂ ಬಟ್ಟೆಯನ್ನೇ ಕೊಳ್ಳುವುದಿಲ್ಲವೇನೋ ಅನಿಸುತ್ತದೆ. ಗಾಲಿಕುರ್ಚಿ ತಿರುಗಲು 1500 ಮಿಲಿಮೀಟರ್ ಜಾಗ ಬೇಕು. ಅಲ್ಲಿ ಒಬ್ಬ ನಿಂತು ಮೊಣಕೈ ಚಾಚುವುದೇ ಕಷ್ಟ. ಆದರೆ ನಮಗೊಂದು ಅನುಕೂಲವಿದೆ. ಪಶ್ಚಿಮದಲ್ಲಿ ವಿಶೇಷ ಬ್ರ್ಯಾಂಡಿಗಾಗಿ ಕಾಯಬೇಕಾದ ಕೆಲಸವನ್ನು ನಮ್ಮಲ್ಲಿ ಬೀದಿ ಕೊನೆಯ ಟೈಲರ್ ಮಾಡಿಕೊಡಬಲ್ಲ. ಒಂದೇ ಷರತ್ತು, ಅಳತೆ ಕೂತೇ ಆಗಬೇಕು. ಅದೂ ಅವರದೇ ಕುರ್ಚಿಯಲ್ಲಿ, ಅವರದೇ ದಿಂಬಿನ ಮೇಲೆ. ಟೈಲರುಗಳಿಗೆ ಇದರ ರೂಢಿಯಿಲ್ಲ. ಟೇಪು ಹಿಡಿದು ಜೊತೆಗೆ ಬಂದ ತಮ್ಮನನ್ನು ಕೇಳುತ್ತಾರೆ, "ಅಣ್ಣಂಗೆ ಉದ್ದ ಎಷ್ಟಿಡ್ಲಿ?" ಅಣ್ಣ ಎದುರಿಗೇ ಇರುತ್ತಾನೆ.

ಆ ಅಣ್ಣನಿಗೆ ಒಂದು ಮಾತು. ಟೈಲರಿಗೆ ನೀವೇ ಹೇಳಿ. ಸೊಂಟದ ಸುತ್ತಳತೆ ಕೂತು ತೆಗೆಯಲಿ. ಉದ್ದವನ್ನು ಸೊಂಟದಿಂದ ತೊಡೆಯ ಪಕ್ಕ ಹಾಯ್ದು, ಮಡಚಿದ ಮಂಡಿಯ ಮೇಲೆ ಬಳಸಿ, ಹಿಮ್ಮಡಿಯವರೆಗೆ ತೆಗೆಯಲಿ. ಪ್ಯಾಂಟಿನ ಹಿಂಭಾಗವನ್ನು ಎರಡು ಇಂಚಿನಷ್ಟು ಏರಿಸಿ, ಮುಂಭಾಗವನ್ನು ಒಂದೆರಡು ಇಂಚು ಇಳಿಸಿ, ಕಚ್ಚಾ ಹೊಲಿಗೆ ಹಾಕಿ, ಕೂರಿಸಿ ನೋಡಿದ ಮೇಲೆ ಗಟ್ಟಿ ಹೊಲಿಗೆ ಹಾಕಲಿ. ಜಿಪ್ ಮಾಮೂಲಿಗಿಂತ ಉದ್ದವಿರಲಿ. ಜೇಬು ತೊಡೆಯ ಮೇಲೆ ಬರಲಿ. ಹಿಂದೆ ಜೇಬು ಬೇಡವೇ ಬೇಡ ಎಂದು ಎರಡು ಸಲ ಹೇಳಿ, ಅಭ್ಯಾಸಬಲದಿಂದ ಹೊಲಿದುಬಿಡುತ್ತಾರೆ.