ಅಜ್ಜ ಕೇಳಿದ ಎರ್ಲಡ್ಡು

‘ಎರ್ಲಡ್ಡು ನೋಡೀಯೇನಲೇ?’ ಆನಗೋಡಿನ ಮನೆಯಲ್ಲಿ ಅಜ್ಜ ಕೇಳಿದಾಗ, ತಿನ್ನುವ ಲಡ್ಡು ಎಂದುಕೊಂಡಿದ್ದೆ! ಅದು ಗ್ರೇಟ್ ಇಂಡಿಯನ್ ಬಸ್ಟರ್ಡ್. ಇಲ್ಲೇ ರಾಣೆಬೆನ್ನೂರಿನ ಹುಲ್ಲುಗಾವಲಲ್ಲಿದ್ದ ಹಕ್ಕಿ. 1974ರಲ್ಲೇ ಅಲ್ಲಿ ಅಭಯಾರಣ್ಯವಾದರೂ ಬಯಲ ತುಂಬ ನೀಲಗಿರಿ. ಹುಲ್ಲುಗಾವಲನ್ನು ಬಂಜರು ಅನ್ನುವ ನಮ್ಮ ಬುದ್ಧಿಗೆ ಏನನ್ನಬೇಕು? ರಾಜ್ಯದಲ್ಲೀಗ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟೇ ಉಳಿದಿವೆ.

ಗಂಡು 15 ಕೆ.ಜಿ.ವರೆಗೂ ತೂಗುತ್ತದೆ. ಕಣ್ಣುಗಳು ತಲೆಯ ಬದಿಗಿವೆ. ಎದುರಿನ ವಿದ್ಯುತ್ ತಂತಿ ಕಾಣುವಷ್ಟರಲ್ಲಿ ಅಷ್ಟು ಭಾರದ ಮೈ ತಿರುಗುವುದಿಲ್ಲ. ಇಡುವುದೋ ಸಾಮಾನ್ಯವಾಗಿ ಒಂದೇ ಮೊಟ್ಟೆ.

ನಾನು ಓದುತ್ತಿರುವುದು ಎಲೆಕ್ಟ್ರಿಕಲ್. ತಂತಿ ಎಷ್ಟು ಜೋತುಬೀಳುತ್ತದೆಂದು ಲೆಕ್ಕ ಹಾಕಿ ಅಂಕ ಗಳಿಸಿದವನು. ಹಕ್ಕಿಗೆ ಕಾಣಲೆಂದು ತಂತಿಗೆ ತೂಗುಹಾಕುವ ಡೈವರ್ಟರ್ ಬಗ್ಗೆ ತಿಳಿದದ್ದು ಮಾತ್ರ ಅಜ್ಜನ ಪ್ರಶ್ನೆಯ ನಂತರ. ಮುಂದಿನ ವರ್ಷದ ಪ್ರಾಜೆಕ್ಟ್ ಅದೇ.

‘ಪ್ಲೇಸ್‌ಮೆಂಟ್‌ಗೆ ಏನುಪಯೋಗ?’ ಅನ್ನುತ್ತಾರೆ ಗೆಳೆಯರು. ಅಜ್ಜ ಕೇಳುವುದು, ‘ಯಾವಾಗ ತೋರಿಸ್ತೀಯಲೇ?’