ಹತ್ತು ಜೇನು ಪೆಟ್ಟಿಗೆ, ಒಂದೇ ಅಳತೆ: ಟ್ರಿಮ್ಮರ್‌ಗೆ ಫ್ಲಶ್ ಟ್ರಿಮ್ ಬಿಟ್ ಹಾಕಿ ಕೆಲಸ ಮಾಡೋದು ಹೇಗೆ?

ತುಡುವೆ ಜೇನು ಸಾಕುವವರಲ್ಲಿ ಒಂದು ಸಮಸ್ಯೆ ಆಗಾಗ ಕಾಣುತ್ತೆ. ಮೊದಲ ವರ್ಷ ಎರಡು ಪೆಟ್ಟಿಗೆ ತರ್ತಾರೆ, ಮುಂದಿನ ವರ್ಷ ಊರಿನ ಬಡಗಿ ಹತ್ತಿರ ನಾಲ್ಕು ಮಾಡಿಸ್ತಾರೆ, ಆಮೇಲೆ ಉಳಿದ ಹಲಗೆಯಲ್ಲಿ ತಾವೇ ಎರಡು ಹೊಡೀತಾರೆ. ನೋಡೋಕೆ ಎಲ್ಲಾ ಒಂದೇ ಥರ. ಆದರೆ ಕುಟುಂಬ ಪಾಲು ಮಾಡುವ ದಿನ ಒಂದು ಪೆಟ್ಟಿಗೆಯ ಫ್ರೇಮ್ ಇನ್ನೊಂದರಲ್ಲಿ ಕೂರಲ್ಲ. ಕೂತರೂ ಒಂದು ಕಡೆ ಗೋಡೆಗೆ ತಾಗುತ್ತೆ, ಇನ್ನೊಂದು ಕಡೆ ಬೆರಳು ಹೋಗುವಷ್ಟು ಸಂದು ಬಿಡುತ್ತೆ. ಹುಳ ಎದ್ದು ಮುಖಕ್ಕೆ ಬರ್ತಿರುವಾಗ ಫ್ರೇಮ್ ಕೆತ್ತುತ್ತಾ ಕೂರೋಕಾಗಲ್ಲ!

ಇದಕ್ಕೆ ಪರಿಹಾರ ಟೇಪು ಹಿಡಿದು ಇನ್ನೂ ಹುಷಾರಾಗಿ ಅಳೆಯೋದಲ್ಲ. ಅಳತೆ ಒಂದೇ ಸಲ ಮಾಡಿ, ಅದನ್ನು ಒಂದು ಟೆಂಪ್ಲೇಟಿನಲ್ಲಿ ಹಿಡಿದಿಟ್ಟು, ಉಳಿದ ಹಲಗೆಗಳನ್ನೆಲ್ಲ ಅದರಿಂದ ನಕಲು ಮಾಡೋದು. ಆ ನಕಲು ಮಾಡುವ ಸಾಧನವೇ ಫ್ಲಶ್ ಟ್ರಿಮ್ ಬಿಟ್.

ಮೂರು ಮಿಲಿಮೀಟರ್ ಯಾಕೆ ಮುಖ್ಯ?

1851ರಲ್ಲಿ ಅಮೆರಿಕದ ಪಾದ್ರಿ ಲೊರೆಂಜೊ ಲ್ಯಾಂಗ್‌ಸ್ಟ್ರಾತ್ ಒಂದು ವಿಷಯ ಗಮನಿಸಿದರು. ಹುಳ ಓಡಾಡೋಕೆ ಬೇಕಾದಷ್ಟೇ ಸಂದು ಇದ್ದರೆ ಜೇನು ಅದನ್ನು ದಾರಿಯಾಗಿ ಹಾಗೇ ಬಿಡುತ್ತೆ. ಅವರ ಜೇನಿಗೆ ಅದು ಇಂಚಿನ ಎಂಟನೇ ಮೂರು ಭಾಗ, ಅಂದ್ರೆ ಸುಮಾರು 9.5 ಮಿ.ಮೀ. ನಮ್ಮ ತುಡುವೆ ಸ್ವಲ್ಪ ಚಿಕ್ಕ ಹುಳ, ಅದಕ್ಕೆ ಸುಮಾರು 8 ಮಿ.ಮೀ. ಸಾಕು. ಸಂದು ಹೆಚ್ಚಾದರೆ ಅಲ್ಲಿ ಅಡ್ಡ ಎರಿ ಕಟ್ಟುತ್ತೆ, ಫ್ರೇಮ್ ಎತ್ತುವಾಗ ಎರಿ ಹರಿಯುತ್ತೆ. ಕಡಿಮೆಯಾದರೆ ಹುಳ ನುಸುಳೋಕಾಗಲ್ಲ, ಮೇಣದ ಪತಂಗದ ಮರಿ ಅಲ್ಲಿ ಸೇರಿಕೊಳ್ಳುತ್ತೆ.

ಈ ಸಂದು ನಿರ್ಧಾರ ಆಗೋದು ಪೆಟ್ಟಿಗೆಯ ಗೋಡೆ ಹಲಗೆಗಳಿಂದ. ಹಲಗೆಯ ಉದ್ದ ತಪ್ಪಿದರೆ ಪಕ್ಕದ ಸಂದು ಹೋಯ್ತು. ಎತ್ತರ ತಪ್ಪಿದರೆ ಸಂಸಾರ ಕೋಣೆಗೂ ಮೇಲಿನ ಜೇನು ಕೋಣೆಗೂ ನಡುವಿನ ಸಂದು ಹೋಯ್ತು.

ಈ ಬಿಟ್ ಮಾಡೋದೇನು?

ಮನೆಗೆ ಕಪಾಟು ಮಾಡಿಸುವಾಗ ಬಡಗಿ ಮೈಕಾ ಅಂಟಿಸಿ, ಹೊರಗೆ ಚಾಚಿದ ಅಂಚನ್ನು ಸಣ್ಣ ಮೆಷಿನ್‌ನಲ್ಲಿ ಸರ್ರನೆ ಸವರೋದು ನೋಡಿರ್ತೀರಿ. ಆ ಮೆಷಿನ್ ಟ್ರಿಮ್ಮರ್, ಅಂದ್ರೆ ಪುಟ್ಟ ರೂಟರ್. ಅದಕ್ಕೆ ಹಾಕೋದು ಇದೇ ಜಾತಿಯ ಬಿಟ್. ಇದರಲ್ಲಿ ಅಲಗಿನಷ್ಟೇ ವ್ಯಾಸದ ಒಂದು ಬೇರಿಂಗ್ ಇರುತ್ತೆ. ಬೇರಿಂಗ್ ಟೆಂಪ್ಲೇಟಿನ ಅಂಚಿಗೆ ಒರಗಿ ಉರುಳುತ್ತೆ, ಅಲಗು ಅದಕ್ಕಿಂತ ಹೊರಗೆ ಚಾಚಿದ ಮರವನ್ನಷ್ಟೇ ಸವರುತ್ತೆ. ಹಾಗಾಗಿ ಹಲಗೆ ಟೆಂಪ್ಲೇಟಿನ ಆಕಾರಕ್ಕೇ ಬಂದು ನಿಲ್ಲುತ್ತೆ.

ಅಂಗಡಿಯಲ್ಲಿ ಎರಡು ಥರ ಸಿಗುತ್ತೆ. ತುದಿಯಲ್ಲಿ ಬೇರಿಂಗ್ ಇದ್ದರೆ ಟೆಂಪ್ಲೇಟ್ ಹಲಗೆಯ ಕೆಳಗೆ ಇರಬೇಕು. ಬುಡದಲ್ಲಿ, ಅಂದ್ರೆ ಶ್ಯಾಂಕ್ ಹತ್ತಿರ ಬೇರಿಂಗ್ ಇದ್ದರೆ ಟೆಂಪ್ಲೇಟ್ ಮೇಲೆ ಇರಬೇಕು. ಇದಕ್ಕೆ ಪ್ಯಾಟರ್ನ್ ಬಿಟ್ ಅಂತಲೂ ಹೇಳ್ತಾರೆ. ಪೆಟ್ಟಿಗೆ ಕೆಲಸಕ್ಕೆ 12.7 ಮಿ.ಮೀ. ವ್ಯಾಸ, 25 ಮಿ.ಮೀ. ಅಲಗಿನ ಉದ್ದ ಇರೋದು ಅನುಕೂಲ. ಇದರಲ್ಲಿ 22 ಮಿ.ಮೀ. ದಪ್ಪದ ಹಲಗೆ ಒಂದೇ ಸಲಕ್ಕೆ ಸವರಬಹುದು.

ಕೊಳ್ಳುವಾಗ ಶ್ಯಾಂಕ್ ಅಳತೆ ಕೇಳಿ. 6 ಮಿ.ಮೀ. ಬೇರೆ, ಕಾಲು ಇಂಚು (6.35 ಮಿ.ಮೀ.) ಬೇರೆ. ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ. ಕಾಲು ಇಂಚಿನ ಕಾಲೆಟ್‌ಗೆ 6 ಮಿ.ಮೀ. ಬಿಟ್ ಹಾಕಿ ಬಿಗಿ ಮಾಡಿದ್ರೆ ಗಟ್ಟಿ ಹಿಡಿಯಲ್ಲ. ಟ್ರಿಮ್ಮರ್ ನಿಮಿಷಕ್ಕೆ 30,000 ಸುತ್ತಿನ ಆಸುಪಾಸು ತಿರುಗುತ್ತೆ. ಅಷ್ಟು ವೇಗದಲ್ಲಿ ಬಿಟ್ ಜಾರಿ ಹೊರಬಂದರೆ ಏನಾಗುತ್ತೆ, ನೀವೇ ಯೋಚಿಸಿ.

ಟೆಂಪ್ಲೇಟ್: ಸಮಯ ಕೊಡಬೇಕಾದ್ದು ಇಲ್ಲೇ

12 ಮಿ.ಮೀ. ಎಂಡಿಎಫ್ ಅಥವಾ ಒಳಗೆ ಟೊಳ್ಳಿಲ್ಲದ ಒಳ್ಳೆ ಪ್ಲೈವುಡ್ ತಗೊಳ್ಳಿ. ನಿಮ್ಮ ಹತ್ತಿರ ಈಗ ಹೆಚ್ಚಿರುವ ಮಾದರಿ ಯಾವುದೋ, ಅದೇ ಅಳತೆಗೆ ಮಾಡಿ. ಐಎಸ್‌ಐ ಎ ಮಾದರಿ, ಬಿ ಮಾದರಿ, ನ್ಯೂಟನ್ ಮಾದರಿ ಎಲ್ಲಾ ಬೇರೆ ಬೇರೆ ಅಳತೆ, ಕಲಸಬೇಡಿ. ಮುಂದಿನ-ಹಿಂದಿನ ಗೋಡೆಗೆ ಒಂದು, ಪಕ್ಕದ ಗೋಡೆಗೆ ಒಂದು, ಹೀಗೆ ಒಂದು ಕೋಣೆಗೆ ಎರಡು ಟೆಂಪ್ಲೇಟ್ ಸಾಕು. ಮುಂದಿನ ಗೋಡೆಯ ಕೆಳ ಅಂಚಿನ ಹುಳದ ಬಾಗಿಲನ್ನು ಆ ಹಲಗೆಗೆ ಬೇರೆ ಟೆಂಪ್ಲೇಟ್ ಹಿಡಿದು ಮಾಡ್ಕೊಳ್ಳಿ.

ಮೂಲೆಮಟ್ಟ ಹಿಡಿದು ಮೂಲೆ ನೋಡಿ. ಅಂಚಿಗೆ ಮರಳು ಕಾಗದ ಉಜ್ಜಿ ಬೆರಳಾಡಿಸಿ. ಅಂಚಿನಲ್ಲಿ ಒಂದು ಗುಳಿ ಇದ್ರೆ ಬೇರಿಂಗ್ ಅದರೊಳಗೆ ಇಳಿಯುತ್ತೆ, ಹತ್ತು ಹಲಗೆಯಲ್ಲೂ ಅದೇ ಗುಳಿ ಬರುತ್ತೆ.

ಒಳ್ಳೆ ಮರ ಮುಟ್ಟುವ ಮೊದಲು ಅಗ್ಗದ ಪ್ಲೈವುಡ್‌ನಲ್ಲಿ, ಆದರೆ ಹಲಗೆಯಷ್ಟೇ ದಪ್ಪದ್ದರಲ್ಲಿ, ಒಂದು ಪೆಟ್ಟಿಗೆ ಜೋಡಿಸಿ. ನಿಮ್ಮ ಹಳೆ ಫ್ರೇಮ್ ಇಳಿಸಿ ನೋಡಿ. ಅಳೆಯೋಕೆ 8 ಮಿ.ಮೀ. ಡ್ರಿಲ್ ಬಿಟ್‌ನ ನುಣುಪು ಭಾಗ ಸಾಕು. ಫ್ರೇಮಿನ ಎರಡೂ ಪಕ್ಕ ಅದು ಸಲೀಸಾಗಿ, ಅಲುಗಾಡದಂತೆ ಹೋದರೆ ಟೆಂಪ್ಲೇಟ್ ಸರಿ ಇದೆ. ಆಮೇಲೆ ಟೆಂಪ್ಲೇಟ್ ಮೇಲೇ ಮಾದರಿ ಹೆಸರು, ಅಳತೆ, ಹಲಗೆಯ ದಪ್ಪ ಬರೆದು ಫೋನಲ್ಲಿ ಫೋಟೊ ತೆಗೆದಿಡಿ.

ಹಲಗೆ ಒಣಗಿರಲೇಬೇಕು

ಹಸಿ ಮರ ಒಣಗುವಾಗ ಉದ್ದಕ್ಕೆ ಹೆಚ್ಚು ಕುಗ್ಗಲ್ಲ, ಅಗಲಕ್ಕೆ ಕುಗ್ಗುತ್ತೆ. ಹಲಗೆಯ ಅಗಲವೇ ಪೆಟ್ಟಿಗೆಯ ಎತ್ತರ. ಇವತ್ತು ಟೆಂಪ್ಲೇಟಿಗೆ ಸರಿಯಾಗಿ ಸವರಿದ ಹಸಿ ಹಲಗೆ ಬೇಸಿಗೆಯಲ್ಲಿ ಕೆಲವು ಮಿಲಿಮೀಟರ್ ಗಿಡ್ಡ ಆಗಿರುತ್ತೆ. ಆಗ ಮೆಷಿನ್, ಬಿಟ್, ಶ್ರಮ ಎಲ್ಲಾ ದಂಡ. ನೆರಳಲ್ಲಿ, ಮಧ್ಯೆ ರೀಪು ಕೊಟ್ಟು ಗಾಳಿಯಾಡುವಂತೆ ಅಟ್ಟಿ ಹಾಕಿ. ಒಂದು ಹಲಗೆಗೆ ಗುರುತು ಹಾಕಿ ವಾರಕ್ಕೊಮ್ಮೆ ತೂಗಿ. ಮೂರು ನಾಲ್ಕು ವಾರ ತೂಕ ಇಳಿಯದಿದ್ರೆ ಕೆಲಸಕ್ಕೆ ತಗೊಳ್ಳಿ. ಹಳೆ ಮನೆಯ ಮರವಾದರೆ ಅಯಸ್ಕಾಂತ ಆಡಿಸಿ ಮೊಳೆ ಹುಡುಕಿ. ಮೊಳೆ ತಾಗಿದ್ರೆ ಬಿಟ್ಟಿನ ಅಲಗು ಚೂರಾಗಿ ಹಾರುತ್ತೆ.

ಕೆಲಸದ ಕ್ರಮ

1. ಟೆಂಪ್ಲೇಟ್ ಇಟ್ಟು ಪೆನ್ಸಿಲ್ ಗೆರೆ ಎಳೆಯಿರಿ. ಗೆರೆಯ ಹೊರಗೆ 1ರಿಂದ 2 ಮಿ.ಮೀ. ಬಿಟ್ಟು ಗರಗಸದಲ್ಲಿ ಕೊಯ್ಯಿರಿ. ಬಾಗಿಲಿನ ಜಾಗವನ್ನೂ ಗರಗಸ, ಉಳಿ ಹಿಡಿದು ಮೊದಲೇ ತೆಗೀರಿ. ಈ ಬಿಟ್ ಇರೋದು ಸವರೋಕೆ, ಕೊಯ್ಯೋಕಲ್ಲ.

2. ಟೆಂಪ್ಲೇಟನ್ನು ಎರಡು ಬದಿ ಅಂಟಿರುವ ಟೇಪ್ ಅಥವಾ ಸಣ್ಣ ಮೊಳೆಯಿಂದ ಹಲಗೆಗೆ ಕೂರಿಸಿ. ಮೊಳೆ ಅಂಚಿನಿಂದ ದೂರ, ಪೆಟ್ಟಿಗೆಯ ಒಳಮುಖದ ಕಡೆ ಇರಲಿ. ಎರಡನ್ನೂ ಸೇರಿಸಿ ಮೇಜಿಗೆ ಕ್ಲ್ಯಾಂಪ್ ಮಾಡಿ, ಸವರುವ ಅಂಚು ಮೇಜಿನಿಂದ ಹೊರಗಿರಲಿ.

3. ಪ್ಲಗ್ ಕಿತ್ತಿಟ್ಟು ಬಿಟ್ ಹಾಕಿ. ಶ್ಯಾಂಕ್ ಪೂರ್ತಿ ಒಳಗೆ ತಳ್ಳಿ, 2-3 ಮಿ.ಮೀ. ಹಿಂದಕ್ಕೆ ಎಳೆದು ಬಿಗಿ ಮಾಡಿ. ಬೇರಿಂಗ್ ಪೂರ್ತಿ ಟೆಂಪ್ಲೇಟಿನ ಅಂಚಿನ ಮೇಲೇ ಇದೆಯಾ ಬಗ್ಗಿ ನೋಡಿ.

4. ಮೆಷಿನ್ ಪೂರ್ತಿ ವೇಗಕ್ಕೆ ಬಂದ ಮೇಲೆ ಮರಕ್ಕೆ ತಾಗಿಸಿ. ಹಲಗೆಯ ಹೊರ ಅಂಚನ್ನು ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಸುತ್ತಬೇಕು. ಅಂದ್ರೆ ನಿಮ್ಮ ಎದುರಿನ ಅಂಚಿನಲ್ಲಿ ಎಡದಿಂದ ಬಲಕ್ಕೆ. ಹಲಗೆಯೊಳಗೆ ಪೂರ್ತಿ ತೂತು ಮಾಡಿ ಅದರ ಒಳ ಅಂಚು ಸವರುವುದಾದರೆ ಮಾತ್ರ ಗಡಿಯಾರದ ದಿಕ್ಕು. ಉಲ್ಟಾ ಹೋದರೆ ಬಿಟ್ ಮರವನ್ನು ಕಚ್ಚಿ ಮೆಷಿನನ್ನು ಮುಂದಕ್ಕೆ ಎಳೆದುಕೊಂಡು ಓಡುತ್ತೆ. ಕೈಗೆ ಪೆಟ್ಟಾಗೋದು ಹೆಚ್ಚಾಗಿ ಇಲ್ಲೇ.

5. ಮೊದಲು ಹಲಗೆಯ ಎರಡು ಅಡ್ಡ ತುದಿ, ಆಮೇಲೆ ಉದ್ದದ ಅಂಚು. ಅಡ್ಡ ತುದಿ ಸವರುವಾಗ ಮೂಲೆ ಸ್ವಲ್ಪ ಸಿಬಿರು ಒಡೆಯುತ್ತೆ. ಉದ್ದದ ಅಂಚು ಸವರಿದಾಗ ಆ ಸಿಬಿರು ಹೊರಟುಹೋಗುತ್ತೆ.

ಬಾಗಿಲಿನ ಒಳ ಮೂಲೆಗಳು ಚೌಕ ಬರಲ್ಲ, ಬಿಟ್ಟಿನ ಸುತ್ತಿನಷ್ಟು ಗುಂಡಗಿರುತ್ತೆ. ಜೇನಿಗೆ ಅದರಿಂದ ತೊಂದರೆಯಿಲ್ಲ, ಹಾಗೇ ಬಿಡಿ. ಫ್ರೇಮಿನ ಕಿವಿ ಕೂರುವ ಮೆಟ್ಟಿಲು ಈ ಬಿಟ್ಟಿನ ಕೆಲಸ ಅಲ್ಲ. ಅದಕ್ಕೆ ಬೇರೆ ಬಿಟ್ ಬೇಕು. ಫ್ರೇಮಿನ ಸಣ್ಣ ಕಡ್ಡಿಗಳನ್ನೂ ಹೀಗೆ ಸವರೋಕೆ ಹೋಗಬೇಡಿ. ಸಣ್ಣ ತುಂಡು ಹಿಡಿದ ಬೆರಳು ಅಲಗಿಗೆ ತೀರಾ ಹತ್ತಿರ ಬರುತ್ತೆ. ಫ್ರೇಮ್ ಕೊಂಡು ತನ್ನಿ.

ಇವು ಮರೆಯಬೇಡಿ

ಕನ್ನಡಕ, ಮಾಸ್ಕ್ ಹಾಕಿ. ಹೆಗಲ ಮೇಲಿನ ಟವೆಲ್ ತೆಗೆದಿಡಿ, ಲುಂಗಿ ಬದಲು ಪ್ಯಾಂಟ್ ಹಾಕಿ. ತಿರುಗುವ ಬಿಟ್ ಹತ್ತಿರ ಕೈಗವಸೂ ಬೇಡ, ನೂಲು ಸಿಕ್ಕಿಕೊಂಡರೆ ಕೈಯನ್ನೇ ಎಳೆಯುತ್ತೆ. ಹಲಸಿನಂಥ ಮರದ ಅಂಟು ಬೇರಿಂಗ್‌ಗೆ ಮೆತ್ತಿದ್ರೆ ಅದು ಉರುಳದೆ ಟೆಂಪ್ಲೇಟನ್ನು ಸುಡುತ್ತೆ. ಕೆಲಸ ಮುಗಿದ ಮೇಲೆ ಪ್ಲಗ್ ಕಿತ್ತು, ಬೇರಿಂಗ್ ಬೆರಳಲ್ಲಿ ತಿರುಗಿಸಿ ನೋಡಿ, ಒರೆಸಿಡಿ. ಅಂಚಿನಲ್ಲಿ ಸುಟ್ಟ ಕಪ್ಪು ಕಂಡರೆ ಬಿಟ್ ಮೊಂಡಾಗಿದೆ, ಇಲ್ಲಾ ನೀವು ತುಂಬಾ ನಿಧಾನ ಹೋಗ್ತಿದ್ದೀರಿ ಅಂತ ಅರ್ಥ.

ಬೇಕಿರೋದು ಎರಡೇ ಪೆಟ್ಟಿಗೆ ಅಂದ್ರೆ ಮೆಷಿನ್ ಕೊಳ್ಳಬೇಡಿ. ಟೆಂಪ್ಲೇಟ್ ಮಾತ್ರ ಮಾಡ್ಕೊಂಡು ಬಡಗಿಗೆ ಕೊಡಿ. ಹತ್ತು ಹದಿನೈದು ಬೇಕಿದ್ರೆ ಊರಿನ ನಾಲ್ಕು ಜನ ಜೇನು ಸಾಕುವವರು ಸೇರಿ ಒಂದು ಟ್ರಿಮ್ಮರ್ ತಗೊಳ್ಳಿ, ಟೆಂಪ್ಲೇಟ್ ಎಲ್ಲರದ್ದೂ ಒಂದೇ ಇರಲಿ. ಆಗ ಪಕ್ಕದ ಮನೆಯವರ ಕುಟುಂಬ ಬಲ ಕಳೆದುಕೊಂಡ ದಿನ ನಿಮ್ಮ ಪೆಟ್ಟಿಗೆಯಿಂದ ಮರಿ ತುಂಬಿದ ಒಂದು ಫ್ರೇಮ್ ಎತ್ತಿ, ಅವರ ಪೆಟ್ಟಿಗೆಯಲ್ಲಿ ನೇರ ಇಳಿಸಬಹುದು.